ರಜೆಯ ದಿನ ಸುಟ್ಟ ಕೈ

ಮಾನ್ಯ ಕಾರ್ಮಿಕ ಅಧಿಕಾರಿಗಳೇ,

ನಾನು ಸುಳ್ಳು ಬರೆದಾಗ ತಮ್ಮ ಕಚೇರಿ ಮೆಚ್ಚಿತು. ನಿಜ ಹೇಳಲು ಬಂದರೆ ನಂಬುತ್ತಿಲ್ಲ. ನನ್ನ ತಕರಾರು ಇಷ್ಟೇ.

ತಳ್ಳುಗಾಡಿಯ ಮೇಲೆ ಒಂದು ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಶುರುಮಾಡಿದವನು ನಾನು. ಇಂದು ನನ್ನ ಲಾಂಡ್ರಿಯಲ್ಲಿ ಹನ್ನೊಂದು ಜನ. ಹಿಂದೊಮ್ಮೆ ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಚೌಕ ಖಾಲಿಯಿತ್ತೆಂದು ತಾವು ನೋಟಿಸು ಕೊಟ್ಟಿರಿ. ಬಿಸಿ ಮುಟ್ಟಿತು. ಅಂದಿನಿಂದ ಪ್ರತಿ ತಿಂಗಳ ಒಂದನೇ ತಾರೀಖು ಸ್ಕೇಲು ಹಿಡಿದು ಕೂತು, ತಿಂಗಳಿಡೀ ಹಾಜರಿಯನ್ನು ನೀಲಿ ಶಾಯಿಯಲ್ಲೂ ವಾರದ ರಜೆಯನ್ನು ಕೆಂಪಿನಲ್ಲೂ ಮುಂಚಿತವಾಗಿಯೇ ತುಂಬುತ್ತಿದ್ದೆ. ಸಹಿಗಳೂ ಅಂದೇ. ಯಾರಿಗೂ ನೇಮಕಾತಿ ಪತ್ರ ಕೊಟ್ಟವನಲ್ಲ. ಇಸ್ತ್ರಿ ಮಾಡುವಾಕೆಯನ್ನು ಹದಿನಾಲ್ಕು ವರ್ಷದಿಂದ ‘ಅಕ್ಕ’ ಎನ್ನುತ್ತೇನೆ. ಅಕ್ಕನಿಗೆ ಎಂಥ ಕಾಗದ? ಅಕ್ಕರೆ ಇದ್ದಲ್ಲಿ ದಾಖಲೆ ಬೇಡ ಎಂದುಕೊಂಡ ಜಾಣ ನಾನು.

ಕಳೆದ ತಿಂಗಳು ಹದಿನಾಲ್ಕರಂದು ಅಕ್ಕನಿಗೆ ರಜೆ. ಆದರೆ ಒಗೆಯುವ ವಿಭಾಗದ ಹೆಂಗಸಿಗೆ ಮಗಳ ಶಾಲೆಗೆ ಹೋಗಬೇಕಿತ್ತು. “ನೀ ಹೋಗ್ಬಾರೇ, ನಿನ್ನ ಬದ್ಲು ನಾ ಬರ್ತೀನಿ” ಎಂದು ಅಕ್ಕ ರಜೆ ಬಿಟ್ಟುಕೊಟ್ಟಳು. ಮಧ್ಯಾಹ್ನ ಒಗೆತ ಮುಗಿಸಿ ಇಸ್ತ್ರಿಗೆ ನಿಂತಾಗ ಹಬೆ ಇಸ್ತ್ರಿ ಯಂತ್ರದ ತಟ್ಟೆ ಆಕೆಯ ಬಲಗೈ ಮೇಲೆ ಕೂತಿತು.

ಇಪ್ಪತ್ತೊಂದರಂದು ತಮ್ಮ ಇನ್‌ಸ್ಪೆಕ್ಟರು ಬಂದರು. ನಾನು ಆಸ್ಪತ್ರೆಯಲ್ಲಿದ್ದೆ. ಅವರು ಪುಸ್ತಕ ತೆರೆದು, ‘ದಾಖಲೆ ಮಾದರಿಯಾಗಿದೆ’ ಎಂದು ಬರೆದು ಮೊಹರು ಒತ್ತಿ ಹೋದರು. ಮೊಹರಿನ ತಾರೀಖು ಇಪ್ಪತ್ತೊಂದು; ಸಹಿಗಳು ಮೂವತ್ತರವರೆಗೆ! ಇನ್ನೂ ಹುಟ್ಟದ ಒಂಬತ್ತು ದಿನಗಳಿಗೆ ಹಾಜರಾದ ಕೆಲಸಗಾರರನ್ನು ಜಗತ್ತಿನಲ್ಲಿ ಬೇರೆ ಯಾರು ಕಂಡಿದ್ದಾರೆ ಸ್ವಾಮಿ?

ಕೆಲಸದಲ್ಲಿ ಗಾಯವಾದವರಿಗೆ ಸಿಗುವ ಚಿಕಿತ್ಸೆಯ ಹಣಕ್ಕೆ ಅಕ್ಕನ ಅರ್ಜಿ ಹಿಡಿದು ತಮ್ಮ ಗುಮಾಸ್ತರ ಮುಂದೆ ನಿಂತೆ.

“ಆ ದಿನ ಆಕೆಗೆ ರಜೆ ಅಂತ ನೀವೇ ಬರ್ದಿದ್ದೀರಲ್ಲ ಯಜಮಾನ್ರೇ? ಲೆಕ್ಕಕ್ಕೆ ಸುಡಬೇಕಾಗಿದ್ದು ಇನ್ನೊಬ್ಬಾಕೆ ಕೈ.”

“ತಪ್ಪು ಬರ್ದಿದ್ದೆ ಸಾರ್. ತಿದ್ದಿಕೊಡ್ತೀನಿ.”

“ಮೊಹರು ಬಿದ್ದ ಪುಸ್ತಕ ತಿದ್ದಿದ್ರೆ ಕೇಸಾಗತ್ತೆ.”

“ತಿದ್ದಲ್ಲ ಬಿಡಿ. ಸುಳ್ಳು ಬರ್ದಿದ್ದಕ್ಕೇ ಕೇಸ್ ಹಾಕಿ. ಹಂಗಾದ್ರೂ ಅಕ್ಕ ಕೆಲಸದಲ್ಲಿದ್ಲು ಅಂತ ಆಗತ್ತೆ.”

“ಪುಸ್ತಕ ಸರಿಯಿದೆ ಅಂತ ನಾವೇ ಬರ್ದಿರೋವಾಗ ಕೇಸ್ ಹೆಂಗ್ರೀ ಹಾಕೋದು? ಸಾಹೇಬ್ರು ನೋಡ್ದೆ ಮೊಹರು ಒತ್ತಿದ್ರು ಅಂತೀರಾ?”

ಹಾಗೆನ್ನುವ ಧೈರ್ಯ ನನಗೆಲ್ಲಿದೆ?

ಮುಂದಿನ ತಿಂಗಳೊಳಗೆ ಮೂರನೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳುಗಳು ಮಡಚಿದಂತೆಯೇ ಉಳಿಯುತ್ತವೆ ಎಂದಿದ್ದಾರೆ ವೈದ್ಯರು. ‘ನೀನೇ ಮಾಡಿಸಯ್ಯಾ’ ಎನ್ನಬಹುದು ತಾವು. ಮೊದಲೆರಡಕ್ಕೆ ಯಂತ್ರಗಳನ್ನು ಅಡವಿಟ್ಟೆ. ಇನ್ನು ಉಳಿದಿರುವುದು ತಾವು ಮೆಚ್ಚಿದ ಪುಸ್ತಕ. ಅದರ ಮೇಲೆ ಯಾರೂ ಸಾಲ ಕೊಡುತ್ತಿಲ್ಲ. ಅಕ್ಕ ಈಗಲೂ ದಿನಾ ಬರುತ್ತಾಳೆ. ಸ್ಟೂಲಿನ ಮೇಲೆ ಕೂತು ಎಡಗೈಯಲ್ಲಿ ದಿಂಬಿನ ಚೀಲ ಮಡಿಸುತ್ತಾಳೆ. ಮೊನ್ನೆ ಕೇಳಿದಳು: “ಅಣ್ಣಾ, ಮನೇಲೇ ಸುಟ್ಕೊಂಡೆ ಅಂತ ಬರ್ಕೊಟ್ಬಿಡ್ಲಾ? ನಿಮ್ಗ್ಯಾಕೆ ತಾಪತ್ರಯ.” ಆ ರಾತ್ರಿಯೇ ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಮಾನ್ಯರೇ, ನನಗೆ ಶಿಕ್ಷೆ ಕೊಡಿ, ಆಕೆಗೆ ಚಿಕಿತ್ಸೆ ಕೊಡಿ. ಸಾಕ್ಷಿ ಬೇಕೆ? ಯಂತ್ರದ ತಟ್ಟೆಯಲ್ಲಿರುವ ತೂತುಗಳ ಸಾಲು ಆಕೆಯ ಕೈಮೇಲೆ ಅಚ್ಚೊತ್ತಿದೆ. ನನ್ನ ಸ್ಕೇಲಿನ ಗೆರೆಗಿಂತ ನೇರವಾಗಿದೆ. ಬಂದು ಎಣಿಸಿ, ಆ ದಿನದ ಹಾಜರಿ ಅದೇ.

ಕರೆದರೆ ತಾವು ಬರುವವರಲ್ಲ ಎಂದು ಬಲ್ಲೆ. ಅದಕ್ಕೇ ಈ ತಿಂಗಳು ಪುಸ್ತಕವನ್ನು ಮುಂಚಿತವಾಗಿ ತುಂಬಿಲ್ಲ. ಉದ್ದಕ್ಕೂ ಚೌಕಗಳು ಖಾಲಿ ಬಿದ್ದಿವೆ. ನೋಟಿಸು ಕೊಡುವ ನೆಪದಲ್ಲಾದರೂ ಬನ್ನಿ.

ಇಂತಿ,
ತನ್ನ ಸುಳ್ಳನ್ನು ಸುಳ್ಳೆಂದು ಸಾಬೀತು ಮಾಡಲಾಗದೆ ಸೋತಿರುವ
ಮಾದರಿ ದಾಖಲೆಯ ಲಾಂಡ್ರಿಯವನು