ಹಿತ್ತಲು ಕಲ್ಲಾಗುವ ಮೊದಲು

ಮನೆಯಿಂದ,
ಗುರುವಾರ ಮಧ್ಯಾಹ್ನ

ಪುಟ್ಟಿಯ ಅಪ್ಪನಿಗೆ, ಅವಳ ಅಮ್ಮ ಮಾಡುವ ನಮಸ್ಕಾರ.

ರೀ, ಹೇಗಿದ್ದೀರಿ? ಹಡಗಿನ ತಳ ಉಜ್ಜಿ ಉಜ್ಜಿ ಹಿಡಿದುಕೊಂಡಿದ್ದ ಸೊಂಟ ಸರಿಹೋಯಿತೇ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಿ ತಾನೇ? ಫೋನು ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೂ 'ಕೆಲಸದಲ್ಲಿದೀನಿ' ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಈ ಕಾಗದ. ಇದನ್ನಾದರೂ ಪೂರ್ತಿ ಓದಿ.

ಪುಟ್ಟಿಯ ರಕ್ತದಲ್ಲಿ ಸೀಸ ಇನ್ನೂ ಇಳಿದಿಲ್ಲ. ಮೊನ್ನೆ ಡಾಕ್ಟರಮ್ಮ, 'ಔಷಧಿ ಕೊಡ್ತೀನಿ, ಆದ್ರೆ ಮೊದಲು ಆ ಮಣ್ಣಿನ ಸಹವಾಸ ಬಿಡಿಸಿ' ಎಂದರು. ಹೇಗೆ ಬಿಡಿಸಲಿ? ಗೋಡೆಯಾಚೆ ಹಳೇ ಬ್ಯಾಟರಿ ಕರಗಿಸುತ್ತಿದ್ದವನು ಶೆಡ್ಡಿಗೆ ಬೀಗ ಜಡಿದು ಹೋದ, ಅವನ ವಿಷ ನಮ್ಮ ಹಿತ್ತಲಲ್ಲಿ ಉಳಿಯಿತು. ಒರೆಸಿ ಒರೆಸಿ ನನ್ನ ಕೈ ಸವೆಯಿತೇ ಹೊರತು ಧೂಳು ಸವೆಯಲಿಲ್ಲ. ಕೊನೆಗೂ ಸರ್ಕಾರದವರು ಜನ ಕಳಿಸಿದ್ದಾರೆ. ದೊಡ್ಡ ತಿರುಪಿನಂಥ ಮಿಷನ್ನು ನೆಲಕ್ಕಿಳಿದು, ಸಿಮೆಂಟಿನ ಹಾಲು ಬಿಡುತ್ತಾ ಮಣ್ಣನ್ನು ಆಳದವರೆಗೆ ಕಲಸುತ್ತದೆ. ಕಲಸಿದ್ದೆಲ್ಲ ಕಲ್ಲಾಗುತ್ತದೆ. 'ವಿಷ ಎಲ್ಲೂ ಹೋಗಲ್ಲ ಅಕ್ಕ. ಮಳೆ ನೀರಿಗೂ ಗಾಳಿಗೂ ಸಿಗದ ಹಾಗೆ ಅಲ್ಲೇ ಕಟ್ಟಿಹಾಕ್ತೀವಿ, ಅಷ್ಟೇ' ಎಂದ ಮಿಷನ್ನಿನವನು. ಪುಟ್ಟಿ ಕಿಟಕಿಯಲ್ಲಿ ಕೂತು ಅದಕ್ಕೆ 'ಮಣ್ಣು ರುಬ್ಬೋ ಅಜ್ಜಿ' ಎಂದು ಹೆಸರಿಟ್ಟಿದ್ದಾಳೆ. ನನಗೂ ನಗು ಬಂತು, ಎಷ್ಟೋ ದಿನಗಳ ಮೇಲೆ.

ನಿನ್ನೆ ಅದು ಪಕ್ಕದವರ ಹಿತ್ತಲು ಮುಗಿಸಿ ನಮ್ಮ ಬೇಲಿಯೊಳಗೆ ಬಂತು. ಕೈಯಲ್ಲಿದ್ದ ಪಾತ್ರೆ ಬಿಸಾಡಿ ಓಡಿಹೋಗಿ ತಿರುಪಿಗೆ ಅಡ್ಡ ನಿಂತೆ. ಮಿಷನ್ನಿನವನು ಇಳಿದು ಬಂದ. ಬೈಯಲು ತೆರೆದ ಬಾಯನ್ನು ನನ್ನ ಮುಖ ನೋಡಿ ಮುಚ್ಚಿದ. 'ಇಲ್ಲಿ ನನ್ನ ಮಗು ಇದೆ' ಎಂದೆ. ಪುಟ್ಟಿಗಿಂತ ಮೊದಲಿನದು, ಉಸಿರಿಲ್ಲದೆ ಹುಟ್ಟಿದ್ದು ಎಂದೆ. ರೀ, ನಾವಿಬ್ಬರೂ ಇಷ್ಟು ವರ್ಷ ಬಾಯಿಬಿಟ್ಟು ಆಡದ ಮಾತನ್ನು ಗುರುತು ಪರಿಚಯವಿಲ್ಲದವನ ಮುಂದೆ ಆಡಿಬಿಟ್ಟೆ.

ಅವನು ಎಂಜಿನಿಯರಮ್ಮನನ್ನು ಕರೆತಂದ. ಆಕೆ ನನ್ನ ಹೆಗಲು ಹಿಡಿದು, 'ಕೆಲಸ ಬಿಡೋಕಾಗಲ್ಲ. ನಿಮ್ಮ ಮಗಳಿಗೋಸ್ಕರವೇ ಬಿಡಬಾರದು. ಜಾಗ ತೋರಿಸಿ, ಅಷ್ಟನ್ನ ಕೈಯಲ್ಲೇ ಅಗೆದು ಮಗೂನ ಎತ್ತಿ ಕೊಡ್ತೀವಿ, ಸ್ಮಶಾನದಲ್ಲಿಡಿ' ಎಂದಳು. ತೋರಿಸಲು ಕೈ ಎತ್ತಿದೆ. ಎತ್ತಿದ ಕೈಗೆ ದಿಕ್ಕೇ ತಿಳಿಯಲಿಲ್ಲ. ಅವರಿಬ್ಬರೂ ಕಾಯುತ್ತಾ ನಿಂತಿದ್ದರು. ಹೆರಿಗೆಯಾದಂದು ನಾನು ಒಳಗೆ ಮಲಗಿದ್ದೆ. ಹಿತ್ತಲಿಗೆ ಎತ್ತಿಕೊಂಡು ಹೋದವರು ನೀವು, ಬರಿಗೈಯಲ್ಲಿ ಬಂದವರೂ ನೀವು. ನಾನು ಕೇಳಲಿಲ್ಲ, ನೀವು ಹೇಳಲಿಲ್ಲ. ಸ್ವಲ್ಪ ದಿನಕ್ಕೆಲ್ಲ ದೂರದ ಕೆಲಸ ಹಿಡಿದು ಹೊರಟುಬಿಟ್ಟಿರಿ. ಆಮೇಲೆ ಬಂದದ್ದೆಲ್ಲ ರಜೆಗೆ ಮಾತ್ರ.

ಬೀದಿಯ ಉಳಿದ ಹಿತ್ತಲುಗಳನ್ನು ಮುಗಿಸಿ ನಮ್ಮದಕ್ಕೆ ಕೊನೆಗೆ ಬರುತ್ತಾರಂತೆ. ಬೀದಿ ಎಷ್ಟು ಚಿಕ್ಕದೆಂದು ನಿಮಗೇ ಗೊತ್ತು.

ಪುಟ್ಟಿ ಒಂದು ಮುತ್ತು ಕೊಟ್ಟಿದ್ದಾಳೆ. ಮೈ ನೋಡಿಕೊಳ್ಳಿ.

ನಿಮ್ಮ ದಾರಿ ಕಾಯುವ,
ನಿಮ್ಮವಳು

ತಾ.ಕ.: ಗೋಡೆಯ ಬುಡವೋ, ಬಟ್ಟೆ ಒಗೆಯುವ ಕಲ್ಲಿನ ಪಕ್ಕವೋ, ಮರದ ಕೆಳಗೋ? ಬರಲಾಗದಿದ್ದರೆ ಬೇಡ, ಒಂದೇ ಸಾಲು ಬರೆಯಿರಿ. ಮರೆತಿದ್ದರೆ ಮರೆತಿದ್ದೇನೆ ಎಂದೇ ಬರೆಯಿರಿ, ನಾನು ಬೈಯುವುದಿಲ್ಲ, ಮಿಷನ್ ಓಡಿಸಿ ಎಂದು ನಾನೇ ಹೇಳುತ್ತೇನೆ. ನೆನಪಿದ್ದೂ ಸುಮ್ಮನಿರಬೇಡಿ.