ಯಾವ ಪಟ್ಟಿ ಯಾರದೆಂದು ಹೇಳುವುದಿಲ್ಲ

ಆಳಂದ
ಮಾರ್ಗಶಿರ ಶುದ್ಧ ಸಪ್ತಮಿ, ೧೯೪೨

ನೆಲೋಗಿಯಲ್ಲಿರುವ ನಮ್ಮ ಯಜಮಾನರಿಗೆ ಶರಣು ಶರಣಾರ್ಥಿ.

ಹೆಸರು ಬರೆದಿಲ್ಲವೆಂದು ಸಿಟ್ಟಾಗಬೇಡಿ. ಗಂಡನ ಹೆಸರು ಬಾಯಲ್ಲಿ ಆಡಬಾರದೆಂದು ಅತ್ತೆಯವರು ಹೇಳಿದ್ದರು. ಅದೊಂದು ಮಾತನ್ನಾದರೂ ಸೊಸೆ ಕೇಳಿದಳೆಂಬ ಸಮಾಧಾನ ಅವರಿಗಿರಲಿ. ಲಕೋಟೆಯ ಮೇಲಿನದು ಅಣ್ಣ ದೌಲತರಾಯನ ಅಕ್ಷರ, ಒಳಗಿನದೆಲ್ಲ ನನ್ನದೇ. ಅವನು ಹೇಳಿ ಬರೆಸಿದ್ದಾನೆಂದು ತಿಳಿಯಬೇಡಿ. ಅವನು ಪಾಪ, "ಸುಮ್ನ ಹೋಗಬೇ ತಂಗಿ, ನಾಕು ಚಿಂದಿ ಸಲುವಾಗಿ ಸಂಸಾರ ಕಳಕೋಬ್ಯಾಡ" ಎಂದು ದಿನಾ ಅಂಗಲಾಚುತ್ತಿದ್ದಾನೆ.

ನಿಮ್ಮ ಕಾಗದ ಮೊನ್ನೆ ಟಪ್ಪಾಲಿನಲ್ಲಿ ಬಂತು. ನನ್ನ ಹೊಲಿಗೆ ಕೋಣೆಗೆ ಬೀಗ ಹಾಕಿದ್ದೀರಂತೆ. ಕೌದಿಯ ಅಂಚುಪಟ್ಟಿಗಳೆಲ್ಲ ಇನ್ನೂ ಒಳಗೇ ಇವೆಯಂತೆ. ನಾನು ಬಂದು, ಅವುಗಳಲ್ಲಿ ನಮ್ಮ ಆಳು ಸಾಬವ್ವನವು ಯಾವವು ಎಂದು ಬೆರಳು ಮಾಡಿ ತೋರಿಸಿದರೆ ಸಾಕು, ಅವಷ್ಟನ್ನೇ ಸುಟ್ಟು, ಆದದ್ದನ್ನೆಲ್ಲ ಮರೆತು ನನ್ನನ್ನು ಮನೆಗೆ ಸೇರಿಸಿಕೊಳ್ಳುತ್ತೀರಂತೆ. ಸಂಕ್ರಾಂತಿಯೊಳಗೆ ಬರದಿದ್ದರೆ ಅತ್ತೆಯವರು ನಿಮಗೆ ಬೇರೆ ಹೆಣ್ಣು ನೋಡುತ್ತಾರಂತೆ. ಓದಿ ಮೊದಲು ನಗು ಬಂತು. ಆಮೇಲೆ ಅಳುವೂ ಬಂತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಉತ್ತರವನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಕಾಯಬೇಡಿ: ತೋರಿಸುವುದಿಲ್ಲ.

ಈ ಗದ್ದಲ ಹುಟ್ಟಿದ್ದು ಎಲ್ಲಿ ಎಂದು ಒಮ್ಮೆ ನೆಟ್ಟಗೆ ಕೂತು ಯೋಚಿಸಿ. ಐದು ವರ್ಷ ಊರ ಮನೆಮನೆಗೆ ಕೌದಿ ಹೊಲಿದುಕೊಟ್ಟಿದ್ದೇನೆ. ಒಳಗಿನ ಪದರಕ್ಕೆ ಯಾವ ಹಳೆಯ ಬಟ್ಟೆಯಾದರೂ ನಡೆದೀತು, ಸುತ್ತಲಿನ ಅಂಚುಪಟ್ಟಿ ಮಾತ್ರ ಆ ಮನೆಯವರೇ ಉಟ್ಟು ತೊಟ್ಟ ಬಟ್ಟೆಯದು ಆಗಬೇಕು. ಅಜ್ಜಿಯ ಸೀರೆಯಂಚು ಮೊಮ್ಮಕ್ಕಳನ್ನು ಕಾಯುತ್ತದೆಂದು ನಮ್ಮವ್ವ ಕಲಿಸಿದ ಪದ್ಧತಿ. ಅದಕ್ಕೇ ನಾನು ಒಂದೊಂದು ಮನೆಯ ಪಟ್ಟಿಗಳನ್ನು ಒಂದೊಂದು ಜೋಳದ ದಂಟಿಗೆ ಸುತ್ತಿ, ದಂಟಿನ ತುದಿಯಲ್ಲಿ ಆ ಮನೆಯ ಗುರುತು ಕೊರೆದು, ತೊಲೆಯ ಸಂದಿಯಲ್ಲಿ ಸಾಲಾಗಿ ಸಿಕ್ಕಿಸಿಡುತ್ತಿದ್ದೆ. ಗೌಡರ ಮನೆಗೆ ಮೂರು ಗೀಟು, ಬಟ್ಟೆ ಮಾರುವ ದಾವಲಸಾಬನ ಮನೆಗೆ ಚಂದ್ರ, ಸಾಬವ್ವನಿಗೆ ಒಂದು ಚುಕ್ಕೆ. ಹುಳ ಹತ್ತದಿರಲೆಂದು ನಡುನಡುವೆ ಬೇವಿನ ಎಲೆ. ಒಂದು ದಿನವೂ ಒಂದು ಮನೆಯದು ಇನ್ನೊಂದಕ್ಕೆ ಹೋದದ್ದಿಲ್ಲ.

ದೀಪಾವಳಿಯ ಮುಂದೆ ನಾನು ಎರಡು ದಿನ ಯಡ್ರಾಮಿಗೆ ಹೋಗಿದ್ದೆನಲ್ಲ, ಆಗ ಅತ್ತೆಯವರು ಕೋಣೆ ಸಾರಿಸಲು ನಿಂತರು. ದಂಟುಗಳನ್ನೆಲ್ಲ ಇಳಿಸಿ, ಸುತ್ತಿದ್ದನ್ನು ಬಿಚ್ಚಿ, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಕೂಡಿಸಿ ಬುಟ್ಟಿಗಳಲ್ಲಿ ಮಡಿಚಿಟ್ಟರು. ನಾನು ಬಂದಾಗ ಬಾಗಿಲಲ್ಲೇ ಹಿಡಿದು, "ನೋಡಬೇ, ಹೆಂಗ ಚೊಲೊ ಜೋಡಿಸೀನಿ" ಎಂದರು. ದಂಟು ಎಲ್ಲಿ ಎಂದೆ. "ಎಮ್ಮಿಗಿ ಹಾಕಿದ್ನಲ್ಲ!" ಎಂದರು. ಐದು ವರ್ಷದ ಗುರುತು ಎಮ್ಮೆಯ ಹೊಟ್ಟೆ ಸೇರಿತ್ತು. ಬುಟ್ಟಿಗಳನ್ನು ಹಾಗೇ ಗೋಡೆಗೆ ಸರಿಸಿಟ್ಟೆ. ಹಿರಿಯರು ಪ್ರೀತಿಯಿಂದ ಮಾಡಿದ್ದು, ಸೊಂಟ ನೋವಿದ್ದರೂ ಮಾಡಿದ್ದು.

ಬೆಂಕಿ ಹಚ್ಚಿದವಳು ಪಕ್ಕದ ಮನೆಯ ನಿಂಬೆವ್ವ. "ಇದರಾಗ ಕೇರಿಯವರ ಚಿಂದೀನೂ ಕೂಡ್ಯಾವಲ್ಲ, ಗುರುಬಾಯಕ್ಕಾ!" ಎಂದು ಅತ್ತೆಯವರೆದುರು ಎದೆ ಮೇಲೆ ಕೈ ಇಟ್ಟುಕೊಂಡಳು. ನಮ್ಮ ಕೊಟ್ಟಿಗೆಯ ಸಗಣಿ ಬಾಚುವ, ನಮ್ಮ ಹೊಲದ ಕಳೆ ಕೀಳುವ, ಹಿತ್ತಲ ಬಾಗಿಲು ದಾಟಿ ಎಂದೂ ಒಳಗೆ ಕಾಲಿಡದ ಸಾಬವ್ವನ ಪಟ್ಟಿ! ಆಕೆಯ ಮಗಳ ಬಾಣಂತನಕ್ಕೆ ನಾನು ಕೌದಿ ಹೊಲಿಯುತ್ತಿದ್ದದ್ದು ನಿಮಗೆ ಗೊತ್ತಿತ್ತು. ಅಂದು ಗೊತ್ತೇ ಇಲ್ಲದವರ ಹಾಗೆ ನಿಂತಿರಿ. "ತೋರಸು, ಇಲ್ಲಂದ್ರ ತವರಿಗಿ ನಡಿ" ಎಂದಿರಿ. ನಡೆದೆ.

ಎಲ್ಲವನ್ನೂ ಕೂಡಿಸಿ ಸುಟ್ಟುಬಿಡೋಣವೆಂದರೆ ನಿಮಗೆ ಆಗುವುದಿಲ್ಲ. ಗೌಡರ ಮನೆಯವರು ಕೇಳಿದರೆ ಏನು ಹೇಳುತ್ತೀರಿ? ಅತ್ತೆಯವರ ತಾಯಿಯ ಇಳಕಲ್ ಸೆರಗೂ ಅದೇ ಕೆಂಪು ಬುಟ್ಟಿಯಲ್ಲಿದೆ. ಬೇರೆ ಮಾಡೋಣವೆಂದರೆ ನಿಮ್ಮ ಕೈಲಿ ಆಗುವುದಿಲ್ಲ, ಊರಿನ ಅರ್ಧ ಸೀರೆಗಳು ದಾವಲಸಾಬನ ಒಂದೇ ಗಂಟಿನಿಂದ ಬಂದವು. ಹಾಗಾಗಿ ನನ್ನ ಕಣ್ಣು ಬೇಕು. ಅಯ್ಯೋ, ನನಗೇನು ಗೊತ್ತಾಗುವುದಿಲ್ಲವೇ? ಕಣ್ಣು ಕಟ್ಟಿದರೂ ಕೈಯಿಂದ ತಡವಿ ಹೇಳಿಯೇನು. ಸಾಬವ್ವನ ಬಟ್ಟೆ ಬಿಸಿಲಲ್ಲಿ ದುಡಿದು ಸವೆದದ್ದು. ಆದರೆ ಹೇಳುವುದಿಲ್ಲ. ನಾನು ತೋರಿಸಿದರೆ ನೀವು ಅಂಗಳದಲ್ಲಿ ಸುಡುತ್ತೀರಿ, ಮರುದಿನ ಆ ಬೂದಿ ಬಳಿಯಲು ಸಾಬವ್ವನನ್ನೇ ಕರೆಯುತ್ತೀರಿ. ನಿಮ್ಮ ಮನೆಯ ರೂಢಿ ನನಗೆ ಗೊತ್ತಿಲ್ಲವೇ?

ಪ್ರತಿ ಸೋಮವಾರ ಪಡಸಾಲೆಯಲ್ಲಿ ವಚನ ಓದಿಸುತ್ತೀರಿ. ಕುಲದ ಮಾತು ಬಂದಲ್ಲಿ ಕಣ್ಣೊರೆಸಿಕೊಳ್ಳುತ್ತೀರಿ, ನಾನೇ ನೋಡಿದ್ದೇನೆ. ಆ ಕಣ್ಣೀರು ಸುಳ್ಳೆಂದು ನಾನು ಅನ್ನುವುದಿಲ್ಲ. ಪಡಸಾಲೆಯಿಂದ ಹಿತ್ತಲಿಗೆ ಹತ್ತು ಹೆಜ್ಜೆಯೂ ಇಲ್ಲವಲ್ಲ, ಅಷ್ಟು ನಡೆಯಲು ನಿಮಗೆ ಏನು ಅಡ್ಡ ಬರುತ್ತದೆ ಎಂದಷ್ಟೇ ಕೇಳುತ್ತೇನೆ.

ನಿಮ್ಮ ಮೇಲೆ ಮುನಿಸಿದೆ, ನೀವು ಬೇಡವಾಗಿಲ್ಲ. ಊಟಕ್ಕೆ ಕೂತಾಗ ನಿಮಗೆ ಶೇಂಗಾ ಹಿಂಡಿ ಯಾರು ಮಾಡಿಕೊಡುತ್ತಾರೋ ಎಂದು ದಿನವೂ ನೆನಪಾಗುತ್ತದೆ. ಹಾಗೆಂದು ತಲೆ ತಗ್ಗಿಸಿ ಬಂದು ಬೆರಳು ಮಾಡಲಾರೆ. ಬೇರೆ ಹೆಣ್ಣು ನೋಡುವುದಿದ್ದರೆ ನೋಡಿ, ನಾನು ಅಡ್ಡ ಬರುವುದಿಲ್ಲ. ನಾನೇ ಬೇಕಾದರೆ ಬೀಗದಕೈ ಹಿಡಿದುಕೊಂಡು ನೀವೇ ಆಳಂದಕ್ಕೆ ಬನ್ನಿ. ಕೋಣೆ ನನ್ನ ಕೈಗೆ ಬರಬೇಕು. ಪಟ್ಟಿಗಳನ್ನು ನಾನೊಬ್ಬಳೇ ಮತ್ತೆ ದಂಟಿಗೆ ಸುತ್ತುತ್ತೇನೆ, ಈ ಸಲ ಗುರುತು ಕೊರೆಯುವುದಿಲ್ಲ, ನನ್ನ ತಲೆಯಲ್ಲೇ ಇರಲಿ. ಸಾಬವ್ವನ ಮೊಮ್ಮಗುವಿನ ಕೌದಿಯನ್ನು ಅದೇ ಕೋಣೆಯಲ್ಲಿ ಕೂತು ಮುಗಿಸುತ್ತೇನೆ. ಆಕೆ ಅದನ್ನು ತಲೆಬಾಗಿಲಲ್ಲಿ ನಿಂತು ನಿಮ್ಮ ಕೈಯಿಂದ ಇಸಿದುಕೊಳ್ಳಬೇಕು. ಇದರಲ್ಲಿ ಒಂದು ಕಡಿಮೆಯಾದರೂ ನಾನು ಬರುವುದಿಲ್ಲ.

ಅತ್ತೆಯವರಿಗೆ ಶರಣಾರ್ಥಿ ತಿಳಿಸಿ. ಸೊಂಟಕ್ಕೆ ಬಿಸಿ ಎಣ್ಣೆ ತಿಕ್ಕಿಸಿಕೊಳ್ಳಲು ಹೇಳಿ.

ಇನ್ನೂ ನಿಮ್ಮವಳೇ,
ಶಿವಕಾಂತಾ

ತಾ.ಕ.: ಅಷ್ಟು ಕೇಳಿದ್ದೀರೆಂದು ಒಂದೇ ಒಂದನ್ನು ತೋರಿಸುತ್ತೇನೆ. ಹೋದ ಚಳಿಗಾಲ ವಿಷಮಜ್ವರದಲ್ಲಿ ನೀವು ಗಡಗಡ ನಡುಗುತ್ತ ಮಲಗಿದ್ದಾಗ ನಾನು ಅವಸರದಲ್ಲಿ ನಿಮ್ಮ ಕೌದಿ ಮುಗಿಸುತ್ತಿದ್ದೆ. ತಲೆಯ ಕಡೆಯ ಅಂಚು ಒಂದು ಗೇಣು ಸಾಲದಾಯಿತು. ಹಿತ್ತಲಲ್ಲಿ ನಿಂತಿದ್ದ ಸಾಬವ್ವ ಉಟ್ಟ ಸೀರೆಯ ಅಂಚನ್ನೇ ಹರಿದು, "ಧಣಿ ಬದಕಲಿ ಬಿಡ್ರೆವ್ವಾ" ಎಂದು ಕೊಟ್ಟಳು. ಪದ್ಧತಿ ಮುರಿದು ಅದನ್ನೇ ಹಚ್ಚಿದೆ. ಜ್ವರ ಇಳಿದ ದಿನ ಅದನ್ನು ಗಲ್ಲಕ್ಕೆ ಒತ್ತಿಕೊಂಡು, "ಇಲ್ಲಿಷ್ಟ ಭಾಳ ಮೆತ್ತಗ ಅದ ನೋಡು" ಎಂದವರು ನೀವೇ. ನಿನ್ನೆ ರಾತ್ರಿಯೂ ಅದನ್ನೇ ಹೊದ್ದಿರುತ್ತೀರಿ. ಕತ್ತರಿ ದೇವರ ಕೋಣೆಯ ಗೋಡೆಯ ಮಾಡಿನಲ್ಲಿದೆ. ಕೈ ಬಂದರೆ ಕತ್ತರಿಸಿ.