ಚನ್ನವ್ವ ಉರ್ಫ್ ಉಜ್ವಲಾ

ಗಡಹಿಂಗ್ಲಜ,
ಶುಕ್ರವಾರ, 19 ಸೆಪ್ಟೆಂಬರ್ 2025

ಮುದ್ದಿನ ಮಗಳು ಪ್ರೇರಣಾಗೆ,

ಹಾಗಲ್ಲವ್ವಾ, ನಿನ್ನೆ ನಾನು ಹೇಳಹೊರಟದ್ದು ಬೇರೆಯೇ ಇತ್ತು. ಕೊರೋಚಿಯ ಶೆಡ್ಡಿನ ಬಾಗಿಲಲ್ಲಿ ನಿಂತು ನೀನು ಫೋನು ಹಿಡಿದರೆ ನನ್ನ ಕಿವಿಗೆ ಮಗ್ಗಗಳ ಖಟಾಖಟಿಯೇ ಮೊದಲು ಬರುತ್ತದೆ, ನಿನ್ನ ದನಿ ಆಮೇಲೆ. "ಅಪ್ಪಾ, ಆ ನೋಟರಿ ಕಾಗದ ದವಾಖಾನಿಗೆ ಕೊಟ್ಟಿ ಇಲ್ಲೋ?" ಅಂತ ನೀನು ಕೇಳಿದೆ. ನಾನು "ಹಾಂ, ಹಾಂ" ಅಂದೆ. ಅದು ಉತ್ತರವಾಗಲಿಲ್ಲ ಅಂತ ಫೋನಿಟ್ಟ ಮೇಲೆ ಅನ್ನಿಸಿತು. ಅದಕ್ಕೇ ಕಾಗದ ಪೆನ್ನು ತೆಗೆದುಕೊಂಡು ಅಂಗಳಕ್ಕೆ ಬಂದು ಕೂತಿದ್ದೇನೆ. ಮೊದಲು ನಿನ್ನ ಕೆಮ್ಮು ಹೇಗಿದೆ ಹೇಳು. ಹತ್ತಿಯ ಧೂಳಿರುವಾಗ ಮೂಗಿಗೆ ಬಟ್ಟೆ ಕಟ್ಟಿಕೊ, ಅಲಕ್ಷ್ಯ ಮಾಡಬೇಡ. ಅಳಿಯ ಕೇತನರಾಯರ ಬೆನ್ನುನೋವು ಇಳಿಯಿತೇ? ನಮ್ಮ ಕಾಲೇಜಿನಲ್ಲಿ ಪತ್ರ ಬರೆಯಲು ಕಲಿಸುವಾಗ "ಹೋಪಿಂಗ್ ದಿಸ್ ಲೆಟರ್ ಫೈಂಡ್ಸ್ ಯೂ ಇನ್ ದಿ ಪಿಂಕ್ ಆಫ್" ಅಂತ ಒಂದು ಸಾಲು ಬಾಯಿಪಾಠ ಮಾಡಿಸಿದ್ದರು. ಪಿಂಕ್ ಆದ ಮೇಲೆ ಏನು ಬರುತ್ತದೋ ಮರೆತೆ. ಯಾವುದೋ ಗುಲಾಬಿ ಬಣ್ಣದ್ದರಲ್ಲಿ ನೀವಿಬ್ಬರೂ ಸುಖವಾಗಿರಿ ಅಂತಲೇ ಅರ್ಥ ಇರಬೇಕು. ನಾನು ನೆಟ್ಟಗಿದ್ದೇನೆ. ಮಧ್ಯಾಹ್ನ ಮಾತ್ರ ನಿದ್ದೆ ಯಾವುದು ಎಚ್ಚರ ಯಾವುದು ಅನ್ನುವುದು ಒಂದಿಷ್ಟು ಕಲೆತುಹೋಗುತ್ತದೆ.

ನಿನಗೆ ಅವಸರವಿದೆ, ಗೊತ್ತು. ಎರಡು ಮಗ್ಗಕ್ಕೆಂದು ಕೂಡಿಸಿದ ಒಂದು ಲಕ್ಷ ಎಂಬತ್ತಾರು ಸಾವಿರವನ್ನು ಹೋದ ವರ್ಷ ಜುಲೈನಲ್ಲಿ ಹಿಂದೆಮುಂದೆ ನೋಡದೆ ಅವ್ವನ ಸಲುವಾಗಿ ಕೊಲ್ಹಾಪುರದ ಆಸ್ಪತ್ರೆಗೆ ತುಂಬಿದವಳು ನೀನು. ದೀಪಾವಳಿ ಪಾಡ್ಯದೊಳಗೆ ಹಣ ಮುಟ್ಟದಿದ್ದರೆ ಮಗ್ಗದವನು ಬೇರೆಯವರಿಗೆ ಕೊಡುತ್ತಾನೆ. ವಿಮಾ ಕಂಪನಿ ಆಸ್ಪತ್ರೆಗೆ ಕೊಡಬೇಕು, ಆಸ್ಪತ್ರೆ ನಿನ್ನದನ್ನು ನಿನಗೆ ಮರಳಿಸಬೇಕು. ನಡುವೆ ನಿಂತಿರುವುದು ಒಂದು ಕಾಗದ. ಇದನ್ನೆಲ್ಲ ಬಿಲ್ಲಿಂಗ್ ಕೌಂಟರಿನ ರೂಪಾಲಿ ನನಗೆ ಎಷ್ಟು ಸಲ ತಿಳಿಸಿ ಹೇಳಿದಳೋ. ಪ್ರತಿ ರೋಗಿಗೂ ಅವರಲ್ಲಿ ಒಂದು ಖಾತೆ, ಖಾತೆಗೆ ಒಂದು ನಂಬರು. ಕೋಣೆ ಬಾಡಿಗೆ, ಸಲಾಯಿನ್, ರಕ್ತಪರೀಕ್ಷೆ ಎಲ್ಲ ಒಂದು ಕಡೆ. ನೀನು ತುಂಬಿದ್ದು, ಕಂಪನಿ ಕೊಡಬೇಕಾದದ್ದು ಇನ್ನೊಂದು ಕಡೆ. ಎರಡೂ ಸರಿಹೋಗುವ ತನಕ ಆ ಖಾತೆ ಮುಚ್ಚುವುದಿಲ್ಲ. ರೋಗಿ ಮನೆಗೆ ಹೋಗಿರಲಿ, ಎಲ್ಲಿಗೇ ಹೋಗಿರಲಿ.

ಅದಕ್ಕೇ ಮಂಗಳವಾರ ಮಂಗಳವಾರ ನನ್ನ ಪಯಣ. ನಿಪ್ಪಾಣಿ ದಾಟುವಷ್ಟರಲ್ಲಿ ಕಣ್ಣು ಮುಚ್ಚುತ್ತದೆ, ಕಾಗಲದ ಹತ್ತಿರ ಕಬ್ಬಿನ ಗಾಳಿ ಮುಖಕ್ಕೆ ಬಡಿದರೆ ತೆರೆಯುತ್ತದೆ. ಆಸ್ಪತ್ರೆಯ ಹಾಲ್‌ನಲ್ಲಿ ತಣ್ಣನೆಯ ಉಕ್ಕಿನ ಕುರ್ಚಿ. ಒಂದೊಂದೇ ಹೆಸರು ಕೂಗುತ್ತಾರೆ. ಕೊನೆಗೆ ರೂಪಾಲಿ ಗಾಜಿನ ಕಿಂಡಿಯಿಂದ "ಚನ್ನವ್ವ ಅಲ್ಲಪ್ಪ ಮಗದೂಮ!" ಅನ್ನುತ್ತಾಳೆ. ಪ್ರೇರಣಾ, ಆಗ ನಾನು ಕೂಡಲೇ ಏಳುವುದಿಲ್ಲ. ಯಾರೋ ಲಂಗ ಎತ್ತಿ ಕಟ್ಟಿದ ಹುಡುಗಿ, ದೂಧಗಂಗೆ ಹೊಳೆಯಲ್ಲಿ ಕಾಲು ತೊಳೆದವಳು, ಒದ್ದೆ ಹೆಜ್ಜೆಯಿಡುತ್ತ ಕಿಂಡಿಗೆ ಹೋಗುತ್ತಾಳೇನೋ ಅಂತ ನೋಡುತ್ತೇನೆ. ಎರಡನೆಯ ಸಲ ಕೂಗಿದಾಗ ನಾನೇ ಹೋಗುತ್ತೇನೆ. "ಆಜೋಬಾ, ಪೆಂಡಿಂಗ್ ಐತ್ರಿ. ಕಾಗದ ಬೇಕಂತಾರ," ಅನ್ನುತ್ತಾಳೆ. ಸಂಕೇಶ್ವರದ ಅಜ್ಜಿಯಿಂದ ಕಲಿತ ಕನ್ನಡ ಅವಳದು, ಮೇಲೆ ಮರಾಠಿಯ ಒಗ್ಗರಣೆ: ಅಜ್ಜ ಅನ್ನಲು ಆಜೋಬಾ, ಹೋಗಿರಿ ಅನ್ನಲು ಜಾವಾ. "ಚಹಾ ಕುಡಿದು ಜಾವಾ," ಅಂತ ತನ್ನ ಡಬ್ಬಿಯ ಚಕ್ಕಲಿ ಕೊಡುತ್ತಾಳೆ. ಆ ಮಗುವಿಗೆ ನೀನು ಫೋನಿನಲ್ಲಿ "ನಿಮ್ಮ ತಪ್ಪಿಗೆ ನಾವ್ಯಾಕ ಅಡ್ಡಾಡೂದು?" ಅಂತ ಬೈದೆಯಂತೆ. ತಪ್ಪು ಅವಳದಲ್ಲ, ಆಸ್ಪತ್ರೆಯದೂ ಅಲ್ಲ. ಹೇಳುತ್ತೇನೆ ಕೇಳು.

ನಿನ್ನ ಅವ್ವ ಹುಟ್ಟಿದ್ದು ಚನ್ನವ್ವನಾಗಿ. ನನ್ನ ಅಜ್ಜಿಯ ಹೆಸರೂ ಅದೇ. ನಮ್ಮ ಅವ್ವ ತನ್ನ ಅತ್ತೆಯ ಹೆಸರನ್ನು ಸತ್ತರೂ ಬಾಯಲ್ಲಿ ತರುವವಳಲ್ಲ. ಸೊಸೆಗೆ ಅದೇ ಹೆಸರಿದ್ದರೆ ಕರೆಯುವುದು ಹೇಗೆ? "ಅತ್ತಿ ಹೆಸರಲೆ ಸೊಸಿನ್ನ ಬೈದ್ರ ನನ್ನ ನಾಲಿಗ್ಗೆ ಹುಳಾ ಬಿದ್ದಾವು," ಅಂದಳು. ಬೈಯಬೇಕಾದೀತು ಅಂತ ಮದುವೆಯ ದಿನವೇ ಲೆಕ್ಕ ಹಾಕಿದ್ದಳು ನೋಡು. ಹೇಗೂ ಮದುವೆಯಲ್ಲಿ ಸೊಸೆಯ ಹೆಸರು ಬದಲಿಸುವ ಪದ್ಧತಿ ಇಲ್ಲಿ ಇದ್ದೇ ಇತ್ತು. ತಾಟಿನಲ್ಲಿ ಅಕ್ಕಿ ಹರಡಿ, ಬೆರಳಿನ ಉಂಗುರದಿಂದ ನಾನು ಹೊಸ ಹೆಸರು ಬರೆದೆ. ಕಾಲೇಜಿಗೆ ಹೋದವನೆಂಬ ಸೊಕ್ಕಿನಿಂದ ಇಂಗ್ಲಿಷಿನಲ್ಲಿ ಬರೆದೆ. "ಇದೇನ ಇರಿವಿ ಸಾಲ?" ಅಂತ ಅವ್ವ ಅಕ್ಕಿಯನ್ನು ಕೈಯಿಂದ ಸವರಿ ಮತ್ತೆ ಬರೆಸಿದಳು. ಅಂದಿನಿಂದ ಉಜ್ವಲಾ. ರೇಶನ್ ಕಾರ್ಡು, ಆಧಾರ, ವಿಮೆಯ ಪಾಲಿಸಿ ಎಲ್ಲದರಲ್ಲೂ ಉಜ್ವಲಾ. ಮೂವತ್ತೆಂಟು ವರ್ಷ ಈ ಮನೆಯಲ್ಲಿ ಆ ಇನ್ನೊಂದು ಹೆಸರನ್ನು ಯಾರೂ ಉಸಿರಲಿಲ್ಲ.

ಆ ದಿನ ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ ನೀನಿನ್ನೂ ಬಂದಿರಲಿಲ್ಲ. ಅವಸರದಲ್ಲಿ ಆಧಾರ ಮನೆಯಲ್ಲೇ ಉಳಿದಿತ್ತು. ಪೇಶಂಟಿನ ಹೆಸರೇನು ಅಂತ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅವಳು ಸ್ಟ್ರೆಚರಿನ ಮೇಲಿಂದ, ಜ್ವರದಲ್ಲಿ, "ಚನ್ನವ್ವ" ಅಂದಳು. ಎಷ್ಟು ಸ್ಪಷ್ಟ ಅಂದರೆ, ಸಾಲೆಯಲ್ಲಿ ಹಾಜರಿ ಹೇಳಿದ ಹಾಗೆ. ಫಾರ್ಮು ನನ್ನ ಕೈಯಲ್ಲಿತ್ತು. ತಿದ್ದಬಹುದಿತ್ತು. ಅವಳು ಹೇಳಿದ್ದನ್ನೇ ಬರೆದೆ. ಯಾಕೆ ಅಂತ ಕೇಳಬೇಡ. ಒಂಬತ್ತು ದಿನ ಅಲ್ಲಿ ಎಲ್ಲರೂ ಅವಳನ್ನು ಹಾಗೇ ಕರೆದರು. ಅವಳು ಓಗೊಟ್ಟಳು. ಹತ್ತನೆಯ ದಿನ ಓಗೊಡಲಿಲ್ಲ. ಈಗ ಕಂಪನಿಯವರು ಕೇಳುತ್ತಾರೆ: ಚಿಕಿತ್ಸೆ ಪಡೆದವಳು ಚನ್ನವ್ವ, ಪಾಲಿಸಿ ಇರುವುದು ಉಜ್ವಲಾಳದು, ಇವರಿಬ್ಬರೂ ಒಬ್ಬರೇ ಎಂದು ಗಂಡ ಪ್ರಮಾಣ ಮಾಡಿ ಹೇಳಲಿ. ವಕೀಲ ಭಾವುಸಾಹೇಬ "ಒನ್ ಅಂಡ್ ದಿ ಸೇಮ್ ಪರ್ಸನ್" ಅಂತ ಟೈಪು ಮಾಡಿಸಿದ. ಒನ್ ಅಂದ ಮೇಲೆ ಮತ್ತೆ ಸೇಮ್ ಯಾಕಪ್ಪಾ ಅಂದೆ. "ಕಾಕಾ, ನೀವು ಬರೇ ಸಹಿ ಮಾಡ್ರಿ," ಅಂದ.

ಆದರೆ ನಾನು ಯಾರ ಕುರಿತು ಪ್ರಮಾಣ ಮಾಡಲಿ? ಉಜ್ವಲಾ ಗೊತ್ತು. ಚನ್ನವ್ವ ಯಾರೆಂದು ನಾನು ಬಲ್ಲೆನೇ? ಕೊನೆಗಾಲಕ್ಕೆ ನಾನಿಟ್ಟ ಹೆಸರನ್ನು ಬಳೆ ತೆಗೆದಿಟ್ಟ ಹಾಗೆ ತೆಗೆದಿಟ್ಟಳೇ? ಈ ಪ್ರಶ್ನೆ ಬಿಡಲಿಲ್ಲ. ಬುಧವಾರ ಅವಳ ತವರಿಗೆ, ದೂಧಗಂಗೆ ದಂಡೆಯ ದತ್ತವಾಡಕ್ಕೆ ಹೋದೆ, ನಿನ್ನ ದೊಡ್ಡವ್ವ ಯಮುನವ್ವನ ಹತ್ತಿರ. ಇಚಲಕರಂಜಿ ಸ್ಟ್ಯಾಂಡಿನಲ್ಲೇ ಬಸ್ಸು ಬದಲಿಸಿದೆ, ನಿನ್ನ ಮನೆಗೆ ಬರಲಿಲ್ಲ. ಕ್ಷಮಿಸು. ಯಮುನವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದಳು. ಎಲ್ಲ ಕೇಳಿ ನಕ್ಕಳು. "ಏನ್ರೀ ಬಿ.ಎ. ಫೇಲ್ ಸಾಹೇಬ್ರ, ಇಷ್ಟ ಕೇಳಾಕ ಎರಡ ಬಸ್ಸ ಹತ್ತಿ ಬಂದ್ರೇನ? ನಮ್ಮ ಚನ್ನಿ ಸಾರಿಗೆ ಉಪ್ಪ ಭಾಳ ಹಾಕ್ತಿದ್ಲು, ಅಪ್ಪನ ಕೈಲೆ ದಿನಾ ಬೈಸ್ಕೋತಿದ್ಲು. ನಿಮ್ಮ ಉಜ್ವಲಾ?" ಹೌದೆಂದು ತಲೆಯಾಡಿಸಿದೆ. ನಾನು ಮೂವತ್ತೆಂಟು ವರ್ಷ ಆ ಸಾರು ಉಂಡವನು. "ಮತ್ತ! ಅಕೀನ ಅಕಿ," ಅಂದಳು. ಆಮೇಲೆ ದನಿ ತಗ್ಗಿಸಿ, "ಜ್ವರ ಬಂದಾಗ ಸಣ್ಣಾಕಿದ್ದಾಗೂ ಹಿಂಗ, ತನ್ನ ಹೆಸರ ತಾನ ಹೇಳ್ಕೋತ ಮಲಗಾಕಿ. ಅಂಜಿಕಿಗ್ರೀ. ನಿಮ್ಮನ್ನ ಬಿಟ್ಟ ಹ್ವಾದಂಗಲ್ಲ ಅದು," ಅಂದಳು.

ಹಿಂದಿರುಗುವಾಗ ಬಸ್ಸಿನಲ್ಲಿ ನಿದ್ದೆ ಬರಲಿಲ್ಲ. ಕಿಟಕಿಯ ಹೊರಗೆ ಕುರಿಗಳು ರಸ್ತೆ ದಾಟುತ್ತಿದ್ದವು, ಮೋಡದ ತುಂಡುಗಳು ನೆಲಕ್ಕಿಳಿದ ಹಾಗೆ. ಡ್ರೈವರನೂ ಹಾರ್ನು ಹಾಕದೆ ಸುಮ್ಮನೆ ಕಾದ. ನನಗೇನೋ... ಅಲ್ಲ, ಅಕ್ಷರ ಕಾಣುತ್ತಿಲ್ಲ ಪ್ರೇರಣಾ. ಈಗ ನೋಡಿದರೆ ಅಂಗಳದ ಬೆಳಕು ಗೋಡೆಯ ತುದಿಗೆ ಹೋಗಿ ನಿಂತಿದೆ. ಇಲ್ಲಿಗೆ ಬಿಡುತ್ತೇನೆ. ಕೇತನರಾಯರಿಗೆ ನಮಸ್ಕಾರ ತಿಳಿಸು. ನಿಮ್ಮ ಮನೆಯಲ್ಲಿ ಮಗ್ಗದ ಸದ್ದೂ ನಗುವಿನ ಸದ್ದೂ ನಿಲ್ಲದಿರಲಿ.

ನಿನ್ನ ಅಪ್ಪ,
ಅಲ್ಲಪ್ಪ

ತಾ.ಕ.: ದೀಪ ಹಚ್ಚಿ ಬರೆಯುತ್ತಿದ್ದೇನೆ. ಭಾವುಸಾಹೇಬ ಆ ಕಾಗದ ಮಾಡಿಕೊಟ್ಟದ್ದು ಮೇ ತಿಂಗಳಲ್ಲಿ. ನಾಲ್ಕು ತಿಂಗಳು ಅದು ನನ್ನ ಚೀಲದಲ್ಲೇ ಇತ್ತು. ಪ್ರತಿ ಮಂಗಳವಾರ ಒಯ್ದು, ಕೊಡದೆ ವಾಪಸು ತಂದೆ. ನಿನ್ನ ಹಣ ತಡೆದದ್ದು ಕಂಪನಿಯಲ್ಲ, ನಾನು. ಇವತ್ತು ಮೊದಲ ಬಸ್ಸಿಗೆ ಹೋಗಿ ನೋಟರಿಯ ಮುಂದೆ ಸಹಿ ಮಾಡಿ ಆಸ್ಪತ್ರೆಗೆ ಕೊಟ್ಟು ಬಂದೆ. ಮೂರು ವಾರದಲ್ಲಿ ಆದೀತು, ಪಾಡ್ಯದೊಳಗೇ, ಅನ್ನುತ್ತಾಳೆ ರೂಪಾಲಿ. ತುಂಬಿದ ರಸೀದಿ ನಿನ್ನ ಹೆಸರಲ್ಲಿರುವುದರಿಂದ ಅರ್ಜಿಗೆ ನಿನ್ನ ಸಹಿ ಬೇಕು. ಮಂಗಳವಾರ ಹನ್ನೊಂದಕ್ಕೆ ಬಾ. ಆ ಹುಡುಗಿಗೆ ಏನೂ ಅನ್ನಬೇಡ. ಬೈಯುವುದನ್ನೆಲ್ಲ ನನಗೇ ಕೂಡಿಸಿಟ್ಟುಕೊಂಡು ಬಾ. ಕೆಲಸ ಮುಗಿದ ಮೇಲೆ ಇಬ್ಬರೂ ಎಲ್ಲಾದರೂ ಕೂತು ಊಟ ಮಾಡೋಣ, ಬೇಕಾದಷ್ಟು ಹೊತ್ತು ಬೈಯಿ.